ನಮ್ಮ ಕರಾವಳಿಯ ಪ್ರವಾಸೋದ್ಯಮ: ಕೆಲವು ವಿಚಾರಗಳು

(ಎರಿನ್ ಮಿಲ್ಸ್‌ನಲ್ಲಿ ಸೇರಿದ್ದ ಕನ್ನಡ ಕುಟುಂಬಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಪಾಠ)



ಊರಿನಿಂದ ಬಂದವರನ್ನು ಕರೆದು ಮಾತನಾಡಿಸುವ ತಮ್ಮ ಪದ್ಧತಿಗೆ ನಾವು ಋಣಿಗಳು. ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನಮಗೇ ಬಿಟ್ಟಿದ್ದೀರಿ. ಈ ಬಡಾವಣೆಯ ನಾಲ್ಕಾರು ಮನೆಗಳಲ್ಲಿ ಊಟಕ್ಕೆ ಕುಳಿತಾಗ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನಮ್ಮ ಮುಂದೆ ಬಂದದ್ದರಿಂದ ವಿಷಯ ತಾನಾಗಿಯೇ ಗೊತ್ತಾಯಿತು. ಗೋಕರ್ಣದ ಸಮೀಪದ ತೆಂಗಿನ ತೋಟವನ್ನು ಯಾರೋ ರೆಸಾರ್ಟ್ ಕಟ್ಟಲು ಕೇಳುತ್ತಿದ್ದಾರೆ, ಕೊಡಬಹುದೇ ಎಂದು ಒಬ್ಬರು ಕೇಳಿದರು. ಕುಂದಾಪುರದ ಹಳೆಯ ಮನೆಯನ್ನು ಹೋಂ ಸ್ಟೇ ಮಾಡಿದರೆ ಹೇಗೆ ಎಂದು ಇನ್ನೊಬ್ಬರು ಕೇಳಿದರು. ಗೋವಾಕ್ಕೂ ಕೇರಳಕ್ಕೂ ಜಗತ್ತೇ ಹೋಗುತ್ತದೆ, ನಡುವಿನ ನಮ್ಮೂರಿಗೆ ಯಾಕೆ ಬರುವುದಿಲ್ಲ ಎಂದು ಇಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಕೇಳಿದಳು. ಮೂರೂ ಒಂದೇ ಪ್ರಶ್ನೆಯ ಮೂರು ಮುಖಗಳೆಂದು ನಮ್ಮ ಅಭಿಪ್ರಾಯ.

ಕರ್ನಾಟಕದ ಕರಾವಳಿ ಸುಮಾರು ಮುನ್ನೂರು ಕಿಲೋಮೀಟರ್ ಉದ್ದದ್ದು; ದಕ್ಷಿಣ ಕನ್ನಡ, 1997ರಲ್ಲಿ ಅದರಿಂದ ಬೇರ್ಪಟ್ಟ ಉಡುಪಿ, ಮತ್ತು ಉತ್ತರ ಕನ್ನಡ ಎಂಬ ಮೂರು ಜಿಲ್ಲೆಗಳಿಗೆ ಸೇರಿದ್ದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ. ನಡುವೆ ಉಳಿದ ಕಿರಿದಾದ ನೆಲವನ್ನು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೌಪರ್ಣಿಕಾ, ನೇತ್ರಾವತಿ ಮೊದಲಾದ ನದಿಗಳು ಅಡ್ಡಡ್ಡವಾಗಿ ಕತ್ತರಿಸಿವೆ. ಈ ರಚನೆಯೇ ಅದರ ಚೆಲುವು, ಅದೇ ಅದರ ತೊಡಕು. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಅಲೆ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆಯ ತಿಳಿನೀರು ಕಾಣುವ ದೃಶ್ಯವನ್ನು ಕಂಡವರು ಮರೆಯಲಾರರು. ಆದರೆ ಅಲ್ಲಿ ರಸ್ತೆಯನ್ನು ಅಗಲ ಮಾಡಬೇಕಾದ ಎಂಜಿನಿಯರನಿಗೆ ಆ ದೃಶ್ಯ ಬೇರೆಯೇ ರೀತಿಯಲ್ಲಿ ಕಾಣುತ್ತದೆ.

ತಮ್ಮಲ್ಲಿ ಹಿರಿಯರಾದವರಿಗೆ ಹಳೆಯ ಪ್ರಯಾಣದ ನೆನಪಿರಬಹುದು. ನದಿ ಬಂದಲ್ಲೆಲ್ಲ ಇಳಿದು, ದೋಣಿಯಲ್ಲಿ ದಾಟಿ, ಆಚೆ ದಡದ ಬಸ್ಸನ್ನು ಹತ್ತುವ ಕಾಲವೊಂದಿತ್ತು. ಬಜಪೆಯ ವಿಮಾನ ನಿಲ್ದಾಣ 1951ರಲ್ಲೇ ತೆರೆಯಿತಾದರೂ ಅದು ಬಹುಕಾಲ ಕೆಲವರಿಗಷ್ಟೇ ದಕ್ಕಿದ ಸೌಕರ್ಯ. ಜನಸಾಮಾನ್ಯರ ಪಾಲಿಗೆ ಕರಾವಳಿಯ ಬಾಗಿಲು ತೆರೆದದ್ದು ಕೊಂಕಣ ರೈಲ್ವೆ. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಅವರು ರೈಲ್ವೆ ಸಚಿವರಾಗಿದ್ದಾಗ ಯೋಜನೆಗೆ ಜೀವ ಬಂದಿತು. 1990ರಲ್ಲಿ ನಿಗಮ ಸ್ಥಾಪನೆಯಾಗಿ, ಇ. ಶ್ರೀಧರನ್ ಅವರ ಮುಂದಾಳುತನದಲ್ಲಿ ಎಂಟು ವರ್ಷಗಳೊಳಗೆ, 1998ರ ಜನವರಿಯಲ್ಲಿ, ಸುಮಾರು 740 ಕಿಲೋಮೀಟರ್ ಮಾರ್ಗ ಪೂರ್ತಿಯಾಗಿ ಸಂಚಾರಕ್ಕೆ ತೆರೆಯಿತು. ಹೊನ್ನಾವರದಲ್ಲಿ ಶರಾವತಿಯ ಮೇಲೆ ಕಟ್ಟಿದ ಸೇತುವೆಯೊಂದೇ ಎರಡು ಕಿಲೋಮೀಟರಿಗಿಂತ ಉದ್ದ. ಆ ರೈಲು ಬಂದ ಮೇಲೆಯೇ ಗೋಕರ್ಣದ ಕುಡ್ಲೆ, ಓಂ ಕಡಲತೀರಗಳು ಬೆಂಗಳೂರಿನ ಯುವಜನರ ವಾರಾಂತ್ಯದ ತಾಣಗಳಾದವು. 2023ರ ಡಿಸೆಂಬರ್ ಕೊನೆಯಲ್ಲಿ ಮಂಗಳೂರು ಮತ್ತು ಮಡಗಾಂವ್ ನಡುವೆ ವಂದೇ ಭಾರತ್ ರೈಲೂ ಓಡತೊಡಗಿತು.

ಹೀಗಾಗಿ, ದಾರಿಯಿಲ್ಲವೆಂಬ ಹಳೆಯ ದೂರು ಈಗ ಸಲ್ಲದು. ದಾರಿ ಮಾಡಿದ ಬಗೆಯ ಕುರಿತು ಮಾತ್ರ ಒಂದು ಮಾತು ಹೇಳಲೇಬೇಕು. ಹಿಂದೆ 17 ಎಂಬ ಸಂಖ್ಯೆಯಿದ್ದ, ಈಗ 66 ಎಂದು ಕರೆಯುವ ರಾಷ್ಟ್ರೀಯ ಹೆದ್ದಾರಿಯನ್ನು ಚತುಷ್ಪಥ ಮಾಡುವಾಗ ಅನೇಕ ಕಡೆ ಗುಡ್ಡಗಳನ್ನು ನೇರವಾಗಿ ಕಡಿದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಅಂಥ ಒಂದು ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಒಂದು ಕುಟುಂಬವೇ ಮಣ್ಣುಪಾಲಾಯಿತು. ಗಂಗಾವಳಿಗೆ ಉರುಳಿದ ಲಾರಿಯೊಂದನ್ನು ಅದರ ಚಾಲಕನ ದೇಹದೊಡನೆ ಮೇಲೆತ್ತಲು ಸೆಪ್ಟೆಂಬರ್ ತನಕ ಕಾಯಬೇಕಾಯಿತು. ಮರುತಿಂಗಳು, ಆಗಸ್ಟ್ 7ರಂದು, ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ನಡುರಾತ್ರಿ ಮುರಿದುಬಿತ್ತು. ಇವೆರಡನ್ನೂ ಮಳೆಯ ಲೆಕ್ಕಕ್ಕೆ ಬರೆದು ಸುಮ್ಮನಾಗುವವರಿದ್ದಾರೆ. ನಮಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಮಳೆ ಹೊಸದಲ್ಲ; ಆ ಮಳೆಯ ಕೆಳಗೆ ಗುಡ್ಡವನ್ನು ಗೋಡೆಯಂತೆ ನಿಲ್ಲಿಸಿದ್ದು ಹೊಸತು.

ಮೂಲಸೌಕರ್ಯ ಎಂಬ ಶಬ್ದ ಬಂದೊಡನೆ ರಸ್ತೆ, ವಿಮಾನ ನಿಲ್ದಾಣ, ದೊಡ್ಡ ಹೋಟೆಲುಗಳೇ ಕಣ್ಣಿಗೆ ಕಟ್ಟುವುದುಂಟು. ಪ್ರವಾಸಿಗೆ ಬೇಕಾದುದು ಅದಕ್ಕಿಂತ ಸಣ್ಣದು. ಶುಚಿಯಾದ ಶೌಚಾಲಯ, ಬಟ್ಟೆ ಬದಲಿಸಲು ಮರೆಯಾದ ಕೊಠಡಿ, ಕುಡಿಯುವ ನೀರು, ಕಸದ ವಿಲೇವಾರಿ, ಎಲ್ಲಕ್ಕಿಂತ ಮಿಗಿಲಾಗಿ ಸಮುದ್ರ ಬಲ್ಲ ಜೀವರಕ್ಷಕ. ಮುರುಡೇಶ್ವರವನ್ನೇ ನೋಡಿ. ಆರ್.ಎನ್. ಶೆಟ್ಟರ ಔದಾರ್ಯದಿಂದ ಅಲ್ಲಿ 123 ಅಡಿಯ ಶಿವನ ಮೂರ್ತಿ ಎದ್ದಿತು, ಇಪ್ಪತ್ತು ಅಂತಸ್ತಿನ ರಾಜಗೋಪುರ ಎದ್ದಿತು. ನೇತ್ರಾಣಿ ದ್ವೀಪದ ಬಳಿ ನೀರೊಳಗಿನ ಮೀನುಗಳನ್ನು ನೋಡಲು ದೂರದೂರಿನವರು ಬರುತ್ತಾರೆ. ಆದರೆ 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಅದೇ ತೀರದಲ್ಲಿ ನೀರುಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಸಮುದ್ರವೆಂದರೆ ದೊಡ್ಡ ಕೆರೆ. ಅಲೆ ಹಿಂದಕ್ಕೆ ಸರಿಯುವಾಗ ಕಾಲಡಿಯ ಮರಳನ್ನೂ ಸೆಳೆದೊಯ್ಯುತ್ತದೆಂದು ಅವರಿಗೆ ಹೇಳುವವರು ಯಾರು? ಆಮೇಲೆ ಕೆಲಕಾಲ ತೀರವನ್ನು ಮುಚ್ಚಿದರು. ಮುಚ್ಚುವುದು ಸುಲಭ, ಪ್ರತಿದಿನ ಕಾಯುವುದು ಕಷ್ಟ.

ಇದಕ್ಕೆ ಪ್ರತಿಯಾದ ಉದಾಹರಣೆಗಳೂ ನಮ್ಮಲ್ಲೇ ಇವೆ. ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಿಗೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಎಂಬ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು. ನೀರಿನ ಶುದ್ಧತೆ, ಸುರಕ್ಷತೆ, ಪರಿಸರ ಶಿಕ್ಷಣ ಮುಂತಾದ 33 ಅಂಶಗಳನ್ನು ಪರೀಕ್ಷಿಸಿ ಕೊಡುವ ಮನ್ನಣೆಯಿದು. ಅಲ್ಲಿ ಕಟ್ಟಿದ್ದು ಅರಮನೆಗಳನ್ನಲ್ಲ. ಕಾಲುದಾರಿ, ಸ್ನಾನಗೃಹ, ಕಾವಲು ಗೋಪುರ ಇಷ್ಟೇ. ಅದೇ ಉಡುಪಿ ಜಿಲ್ಲೆಯ ಮಲ್ಪೆಯಲ್ಲಿ 2022ರ ಮೇ ತಿಂಗಳಲ್ಲಿ ಬಹಳ ಸಡಗರದಿಂದ ತೇಲುವ ಸೇತುವೆಯೊಂದನ್ನು ತೆರೆದರು. ಮೂರೇ ದಿನಗಳಲ್ಲಿ ಅದರ ಒಂದು ಭಾಗ ಕಳಚಿಕೊಂಡಿತು. ಮಳೆಗಾಲ ಹೊಸ್ತಿಲಲ್ಲಿರುವ ಮೇ ತಿಂಗಳ ಕಡಲನ್ನು ಕುರಿತು ಬಂದರಿನ ಯಾವ ಮೊಗವೀರ ಹಿರಿಯರನ್ನು ಕೇಳಿದ್ದರೂ ಬಿಟ್ಟಿಯಾಗಿ ಸಲಹೆ ಸಿಗುತ್ತಿತ್ತು!

ಮೊಗವೀರರ ಮಾತು ಬಂದಿತು. ಇಲ್ಲಿ ಸ್ವಲ್ಪ ನಿಲ್ಲೋಣ. ಪ್ರವಾಸೋದ್ಯಮದ ನಕ್ಷೆಗಳಲ್ಲಿ ಕಡಲತೀರವೆಂದರೆ ಖಾಲಿ ಮರಳು. ವಾಸ್ತವವಾಗಿ ಅದು ಎಂದೂ ಖಾಲಿಯಾಗಿದ್ದುದಲ್ಲ. ಮೊಗವೀರರು, ಖಾರ್ವಿಗಳು, ಹರಿಕಂತ್ರರು, ಅಂಬಿಗರು ಅಲ್ಲಿ ದೋಣಿ ಎಳೆದಿಡುತ್ತಾರೆ, ಬಲೆ ಹರಡುತ್ತಾರೆ. ಹೆಂಗಸರು ಮೀನು ಒಣಹಾಕುತ್ತಾರೆ. ಹಿಂದೆ ರಂಪಣಿ ಬಲೆ ಎಳೆಯುವಾಗ ಇಡೀ ಊರೇ ಮರಳಿನ ಮೇಲೆ ಸಾಲಾಗಿ ನಿಲ್ಲುತ್ತಿತ್ತು. ಯಾಂತ್ರಿಕ ದೋಣಿಗಳು ಬಂದ ಮೇಲೆ ಆ ನೋಟ ಅಪರೂಪವಾಯಿತು. ಈ ನೆಲಕ್ಕೆ ಅವರ ಬಳಿ ಪಟ್ಟಾ ಇಲ್ಲ, ಅಜ್ಜನ ಕಾಲದ ಬಳಕೆ ಇದೆ. ಒಂದು ರೆಸಾರ್ಟು ಬೇಲಿ ಹಾಕಿದ ದಿನ ಆ ಬಳಕೆ ಮುರಿಯುತ್ತದೆ. ಒಣಮೀನಿನ ವಾಸನೆ ಅತಿಥಿಗಳಿಗೆ ಆಗದು ಎಂದು ಮೊದಲು ಮಾತು ಬರುತ್ತದೆ, ಬೇಲಿ ಅದರ ಹಿಂದೆಯೇ ಬರುತ್ತದೆ.

ಇದನ್ನು ತಡೆಯಲೆಂದೇ ಭಾರತ ಸರ್ಕಾರ 1991ರ ಫೆಬ್ರವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಹೊರಡಿಸಿತು. ಉಬ್ಬರದ ಗೆರೆಯಿಂದ 500 ಮೀಟರ್ ತನಕ ನಿಯಂತ್ರಣ. ಗ್ರಾಮೀಣ ತೀರಗಳಲ್ಲಿ ಮೊದಲ 200 ಮೀಟರ್ ಹೊಸ ಕಟ್ಟಡಗಳಿಗೆ ನಿಷಿದ್ಧ. 2011ರಲ್ಲಿ ಅದು ಪರಿಷ್ಕೃತವಾಯಿತು. 2019ರ ಜನವರಿಯ ಅಧಿಸೂಚನೆ, ಜನಸಾಂದ್ರತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚಿರುವ ಗ್ರಾಮೀಣ ಪ್ರದೇಶಗಳಲ್ಲಿ ಆ 200 ಮೀಟರನ್ನು 50ಕ್ಕೆ ಇಳಿಸಿತು. ಉಳಿದ ಗ್ರಾಮಗಳಲ್ಲಿ 200 ಮೀಟರ್ ಹಾಗೆಯೇ ಇದೆ. ಆದರೆ ತಾತ್ಕಾಲಿಕ ಗುಡಿಸಲು, ಶೌಚಾಲಯ ಮುಂತಾದವುಗಳಿಗೆ ಅವಕಾಶವಿದೆ. 'ತಾತ್ಕಾಲಿಕ' ಎಂಬ ಶಬ್ದದ ಆಯುಷ್ಯ ನಮ್ಮ ದೇಶದಲ್ಲಿ ಎಷ್ಟೆಂಬುದು ತಮಗೆ ಗೊತ್ತಿದ್ದದ್ದೇ.

ತಾವು ನೆಲೆಸಿರುವ ಈ ಪ್ರಾಂತದಲ್ಲಿ ಇದಕ್ಕೆ ಹೋಲುವ ಎರಡು ಸಂಗತಿಗಳಿವೆ. ಊರಿನಿಂದ ಬಂದ ಬಂಧುಗಳನ್ನೆಲ್ಲ ತಾವು ತಪ್ಪದೆ ಕರೆದೊಯ್ಯುವ ನಯಾಗರಾ ಜಲಪಾತದ ದಡ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಮೋಸಗಾರರ ಸಂತೆಯೆಂದು ಕುಪ್ರಸಿದ್ಧವಾಗಿತ್ತು. ಒಂಟಾರಿಯೊ ಸರ್ಕಾರ 1885ರಲ್ಲಿ ಶಾಸನ ಮಾಡಿ ದಡದ ಭೂಮಿಯನ್ನು ಸಾರ್ವಜನಿಕ ಸ್ವತ್ತನ್ನಾಗಿಸಿತು. 1888ರಲ್ಲಿ ರಾಣಿ ವಿಕ್ಟೋರಿಯಾ ಉದ್ಯಾನ ತೆರೆಯಿತು. ನದಿಯುದ್ದಕ್ಕೂ ಒಂದು ಸರಪಳಿ ಅಗಲದ, ಅಂದರೆ 66 ಅಡಿಯ, ಕಾದಿಟ್ಟ ಪಟ್ಟಿಯೂ ಕಾಲಕ್ರಮದಲ್ಲಿ ಆ ಉದ್ಯಾನ ಮಂಡಳಿಯ ಕೈಸೇರಿತು. ಮಂಡಳಿ ತನ್ನ ಖರ್ಚನ್ನು ತನ್ನ ಆದಾಯದಿಂದಲೇ ತೂಗಿಸುತ್ತದೆ. ಹೋಟೆಲುಗಳು ಹಿಂದೆ, ಹುಲ್ಲುಹಾಸು ಮುಂದೆ. ಜಲಪಾತವನ್ನು ನೋಡಲು ಯಾರಿಗೂ ಟಿಕೆಟ್ ಬೇಡ. ಕಾರು ನಿಲ್ಲಿಸಲು ಕೊಡುವ ಹಣದ ಮಾತು ಬೇರೆ!

ಎರಡನೆಯದು ತಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು. 1954ರ ಅಕ್ಟೋಬರಿನಲ್ಲಿ ಹೇಝಲ್ ಚಂಡಮಾರುತ ಬಂದು ಈ ಪ್ರಾಂತದಲ್ಲಿ 81 ಜನ ಸತ್ತರು. ಟೊರಾಂಟೊದ ಹಂಬರ್ ನದಿ ದಡದ ಮನೆಗಳೇ ಕೊಚ್ಚಿಹೋದವು. ಆ ಬಳಿಕ ನೆರೆ ಬರುವ ಕಣಿವೆಗಳಲ್ಲಿ ಮನೆ ಕಟ್ಟಗೊಡದೆ, ಸಂರಕ್ಷಣಾ ಪ್ರಾಧಿಕಾರಗಳ ಮೂಲಕ ಆ ನೆಲವನ್ನು ಕೊಂಡು ಉದ್ಯಾನಗಳನ್ನಾಗಿ ಮಾಡಿದರು. ಇಲ್ಲಿ ಕ್ರೆಡಿಟ್ ನದಿಯ ಕಣಿವೆಯುದ್ದಕ್ಕೂ ತಾವು ಸಂಜೆ ನಡೆದಾಡುವ ದಾರಿಗಳಲ್ಲಿ ಮನೆಗಳಿಲ್ಲದಿರಲು ಇದೂ ಒಂದು ಕಾರಣ. ಶಿರೂರಿನ ನಂತರ ನಮ್ಮವರು ಕೇಳಬೇಕಾಗಿದ್ದ ಪ್ರಶ್ನೆ ಇದೇ: ಎಲ್ಲಿ ಕಟ್ಟಬಾರದು?

ಮತ್ತೆ ಆ ಹುಡುಗಿಯ ಪ್ರಶ್ನೆ. ಗೋವಾಕ್ಕೆ ಚಾರ್ಟರ್ ವಿಮಾನಗಳು 1980ರ ದಶಕದಲ್ಲೇ ಬರತೊಡಗಿದವು. ಅಲ್ಲಿನ ಲಾಭವೂ ರಗಳೆಯೂ ಎಲ್ಲರಿಗೂ ತಿಳಿದಿದೆ. ನಮ್ಮ ಕಾಸರಗೋಡಿನ ಬೇಕಲದಲ್ಲಿ 1995ರಲ್ಲಿ ಕೇರಳ ಸರ್ಕಾರ ಒಂದು ನಿಗಮವನ್ನೇ ಸ್ಥಾಪಿಸಿ, ಭೂಮಿ ವಶಪಡಿಸಿಕೊಂಡು, ದೊಡ್ಡ ಹೋಟೆಲುಗಳಿಗೆ ಗುತ್ತಿಗೆ ಕೊಟ್ಟಿತು. ಹೋಟೆಲುಗಳ ಬಾಗಿಲು ತೆರೆಯಲು ಸುಮಾರು ಹದಿನೈದು ವರ್ಷ ಹಿಡಿಯಿತು. ನಮಗೆ ಹೆಚ್ಚು ಮೆಚ್ಚಿಗೆಯಾದದ್ದು ಅದೇ ರಾಜ್ಯದ ಕುಮರಕೋಂ. ಅಲ್ಲಿ 2008ರ ಸುಮಾರಿಗೆ ಪಂಚಾಯತಿ, ಕುಟುಂಬಶ್ರೀ ಮಹಿಳಾ ಸಂಘಗಳು ಮತ್ತು ಹೋಟೆಲುಗಳು ಒಡಂಬಡಿಕೆ ಮಾಡಿಕೊಂಡು, ಹೋಟೆಲಿನ ಅಡುಗೆಮನೆಗೆ ಬೇಕಾದ ತರಕಾರಿ, ಮೀನು, ತೆಂಗು ಊರಿನವರಿಂದಲೇ ಬರುವಂತೆ ಏರ್ಪಾಡಾಯಿತು. ಅತಿಥಿ ಬಿಟ್ಟುಹೋದ ಹಣ ಊರಿನಲ್ಲೇ ಎರಡು ಸುತ್ತು ತಿರುಗಿತು.

ಇಂಥ ಏರ್ಪಾಡಿಗೆ ಬೇಕಾದ ಸರಕು ನಮ್ಮಲ್ಲಿ ಕಡಿಮೆಯೇ? ಅಘನಾಶಿನಿಯ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಮನ್ನಣೆ ಸಿಕ್ಕಿತು. ಅಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತವಿದೆ, ಸಾಣಿಕಟ್ಟೆಯ ಉಪ್ಪಿನಾಗರವಿದೆ. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕೆತ್ತಿ ನಿಲ್ಲಿಸಿದಂಥ ಕಲ್ಲಿನ ಕಂಬಗಳಿವೆ. ಚಳಿಗಾಲದ ರಾತ್ರಿಗಳಲ್ಲಿ ಯಕ್ಷಗಾನವಿದೆ. ಇಲ್ಲದಿರುವುದು, ಇವನ್ನೆಲ್ಲ ಬಲ್ಲ ಊರಿನ ಹುಡುಗ ಹುಡುಗಿಯರಿಗೆ ಮಾರ್ಗದರ್ಶಕರ ತರಬೇತಿ, ಭಾಷೆ, ಸಂಬಳ.

ಕೊನೆಯದಾಗಿ ತೋಟದ ಪ್ರಶ್ನೆ. ಇದರಲ್ಲಿ ತಮ್ಮ ಹಿತವೇ ಅಡಗಿರುವುದರಿಂದ ಬಿಡಿಸಿ ಹೇಳುತ್ತೇವೆ. ಕೆನಡಾದ ಪೌರತ್ವ ಪಡೆದವರು ಭಾರತದ ಪೌರರಾಗಿ ಉಳಿಯುವುದಿಲ್ಲ. ಸಾಗರೋತ್ತರ ಭಾರತೀಯರ ಕಾರ್ಡು ಇದ್ದರೂ, ವಿದೇಶೀ ವಿನಿಮಯ ಕಾಯಿದೆಯ ನಿಯಮಗಳಂತೆ ತಾವು ಅಲ್ಲಿ ಕೃಷಿಭೂಮಿ, ತೋಟ, ತೋಟದಮನೆಗಳನ್ನು ಹೊಸದಾಗಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ವಾಸಿಸುವ ಭಾರತೀಯ ಪೌರನಿಗೆ ಮಾತ್ರ ಮಾರಬಹುದು. ಅಂದರೆ, ಒಮ್ಮೆ ಕೈಬಿಟ್ಟ ತೋಟವನ್ನು ಮುಂದೆ ತಾವಾಗಲಿ, ತಮ್ಮ ಇಲ್ಲಿನ ಮಕ್ಕಳಾಗಲಿ ಮರಳಿ ಕೊಳ್ಳಲಾಗದು. ಇನ್ನೊಂದೆಡೆ, ಕರ್ನಾಟಕ ಭೂಸುಧಾರಣಾ ಕಾಯಿದೆಗೆ 2020ರಲ್ಲಿ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿಯಾಗಿದೆ. ದಲ್ಲಾಳಿಗಳ ಫೋನುಗಳು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಆದ್ದರಿಂದ ಅಂಥ ಫೋನು ಬಂದಾಗ ಮೊದಲು ಸರ್ವೆ ನಕ್ಷೆ ತರಿಸಿ, ಜಾಗ ಉಬ್ಬರದ ಗೆರೆಯಿಂದ ಎಷ್ಟು ದೂರವಿದೆಯೆಂದು ನೋಡಿಸಿ. ಮಾರುವ ಬದಲು ಗುತ್ತಿಗೆಗೆ ಕೊಡಲು ಸಾಧ್ಯವೇ ಎಂದು ಅಲ್ಲಿನ ವಕೀಲರನ್ನು ವಿಚಾರಿಸಿ. ಬಾವಿಯ ನೀರು ಯಾರಿಗೆ, ಕೊಳಚೆ ಎಲ್ಲಿಗೆ, ತೋಟದ ಅಂಚಿನಲ್ಲಿ ಕಡಲಿಗಿಳಿಯುವ ಕಾಲುದಾರಿ ಊರವರಿಗೆ ತೆರೆದಿರುವುದೇ, ಇಷ್ಟನ್ನೂ ಪತ್ರದಲ್ಲಿ ಬರೆಸಿ. ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯ ಬಾವಿಗಳು ಬತ್ತುತ್ತವೆ, ಕೆಲವು ಉಪ್ಪಾಗುತ್ತವೆ; ಮೂವತ್ತು ಕೊಠಡಿಗಳ ರೆಸಾರ್ಟು ನೀರೆತ್ತತೊಡಗಿದರೆ ಪಕ್ಕದ ಮನೆಯವರು ಮೊದಲು ಕೊಡ ಹಿಡಿದು ಬರುವುದು ತಮ್ಮ ಅಣ್ಣನ ಮನೆಗೇ.

ಕುಂದಾಪುರದ ಹಳೆಯ ಮನೆಯ ವಿಚಾರದಲ್ಲಿ ನಮಗೆ ಅಷ್ಟು ಅಂಜಿಕೆಯಿಲ್ಲ. ಮಾಡು ಸೋರದಂತೆ ಹಂಚು ಕೈಯಾಡಿಸಿ, ಎರಡು ಒಳ್ಳೆಯ ಬಚ್ಚಲುಮನೆ ಕಟ್ಟಿಸಿ, ನೋಂದಣಿ ಮಾಡಿಸಿದರೆ ಆರಂಭಕ್ಕೆ ಸಾಕು. ಅಡುಗೆಗೆ ನೆರೆಮನೆಯ ಅಮ್ಮನವರನ್ನು ಗೊತ್ತುಮಾಡಿ, ಸಂಬಳ ಧಾರಾಳವಾಗಿ ಕೊಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬರುವವರು ಕಡಿಮೆ. ಆ ನಾಲ್ಕು ತಿಂಗಳ ಸಂಬಳವನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು.

ತಮ್ಮ ಪ್ರಶ್ನೆಗಳಿಗೆ ಈಗ ಸಮಯವಿದೆ ಎಂದು ಅಧ್ಯಕ್ಷರು ಸೂಚಿಸುತ್ತಿದ್ದಾರೆ.