ಗೌರವಧನ ಮತ್ತು ಗೌರವ

 

ಶಿಕ್ಷಕರ ಬಗ್ಗೆ ಮಾತಾಡುವಾಗ ಡಾ. ರಾಧಾಕೃಷ್ಣನ್ ಅವರಿಂದ ಆರಂಭಿಸುವುದು ರೂಢಿ. ನಾನೂ ಬಿಡುವುದಿಲ್ಲ. 1921ರಲ್ಲಿ ಅವರು ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದರು. ಪ್ರತಿ ಸೆಪ್ಟೆಂಬರ್ 5ರಂದು ಈ ಕಥೆ ಹೇಳುತ್ತೇವೆ. ಸೆಪ್ಟೆಂಬರ್ 6ರ ಮಾತು ಬೇರೆ.

2025ರ ಸೆಪ್ಟೆಂಬರ್ 22ರಿಂದ ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ಗಣತಿದಾರರು ಹೆಚ್ಚಾಗಿ ನಾವೇ, ಶಾಲಾ ಶಿಕ್ಷಕರು. ದೇವಸುಗೂರಿನ ಒಂದು ಓಣಿಯಲ್ಲಿ ಮೊಬೈಲ್ ಹಿಡಿದು ಬಿಸಿಲಲ್ಲಿ ನಿಂತಿದ್ದೆ. ಆ್ಯಪ್ ತೆರೆಯುತ್ತಿಲ್ಲ. ಮನೆಯ ಯಜಮಾನರು ಗೇಟು ತೆಗೆಯಲೇ ಇಲ್ಲ. "ಪಾಠ ಹೇಳೋದು ಬಿಟ್ಟು ಮನಿ ಮನಿ ತಿರುಗ್ತೀರಿ, ಸುಮ್ನೆ ಪಗಾರ ತಗೋತೀರಿ" ಎಂದರು. ಒಳಗೆ ಕಿಟಕಿಯ ಹತ್ತಿರ ನಿಂತಿದ್ದವನು ಒಂಬತ್ತನೇ ತರಗತಿಯ ನನ್ನ ವಿದ್ಯಾರ್ಥಿ.

ಅವರ ಮಾತಿನಲ್ಲಿ ಅರ್ಧ ನಿಜವಿತ್ತು, ಅದಕ್ಕೇ ಹೆಚ್ಚು ನೋವಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಪ್ರಕಾರ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚುವಂತಿಲ್ಲ. ಸಮೀಕ್ಷೆ ಬೇಡ ಎನ್ನುತ್ತಿಲ್ಲ. ನಮ್ಮ ಸಮುದಾಯದ ಸ್ಥಿತಿಗತಿಯೂ ಲೆಕ್ಕಕ್ಕೆ ಬರಬೇಕಲ್ಲವೇ? ಆದರೆ ಅದು ಮುಗಿಯದೆ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 8ರಿಂದ 18ರವರೆಗೆ ರಜೆ ಮುಂದುವರಿಯಿತು. ನಮ್ಮ ಉರ್ದು ಮಾಧ್ಯಮದ ಎಷ್ಟೋ ಮಕ್ಕಳಿಗೆ ಕನ್ನಡ ಓದಿಸಿ ತಿದ್ದುವವರು ಶಾಲೆಯ ಟೀಚರ್ ಒಬ್ಬರೇ. ರಜೆ ಕಳೆದು ಬಂದಾಗ ಒತ್ತಕ್ಷರಗಳನ್ನು ಮತ್ತೆ ಮೊದಲಿಂದ ತಿದ್ದಿಸಬೇಕಾಯಿತು. ಆ ದಿನಗಳ ಲೆಕ್ಕ ಯಾವ ಆ್ಯಪ್‌ನಲ್ಲೂ ಇಲ್ಲ.

ಇನ್ನು ಅತಿಥಿ ಶಿಕ್ಷಕರು. ಅವರಿಗೆ ಕೊಡುವುದು ಸಂಬಳವಲ್ಲ, 'ಗೌರವಧನ'. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000 ರೂಪಾಯಿ ಇದ್ದದ್ದು 2025-26ರ ಬಜೆಟ್‌ನಲ್ಲಿ 2,000 ಏರಿತು. ಬಿ.ಎಡ್. ಮುಗಿಸಿದ ಹುಡುಗ ಹೆಣ್ಣು ನೋಡಲು ಹೋದರೆ "ಪರ್ಮನೆಂಟಾ?" ಎಂಬುದೇ ಮೊದಲ ಪ್ರಶ್ನೆ. ಏನು ಕಲಿಸುತ್ತಾನೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಹಾಗಿರುವಾಗ ಜಾಣ ಮಕ್ಕಳು ಈ ವೃತ್ತಿಗೆ ಏಕೆ ಬಂದಾರು? ನನ್ನ ತರಗತಿಯಲ್ಲಿ ಮುಂದೆ ಟೀಚರ್ ಆಗುವವರು ಯಾರು ಎಂದು ಕೇಳಿದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ.

ತಪ್ಪು ನಮ್ಮಲ್ಲೂ ಇದೆ. ತರಗತಿಯಲ್ಲಿ ಮೊಬೈಲ್ ನೋಡುತ್ತ ಕೂರುವವರನ್ನು ನಾನು ಸಮರ್ಥಿಸುವುದಿಲ್ಲ. ಅಂಥವರನ್ನು ಪ್ರಶ್ನಿಸಲು ಶಾಲಾಭಿವೃದ್ಧಿ ಸಮಿತಿ ಇದೆ, ಪಾಲಕರ ಸಭೆ ಇದೆ. ಆದರೆ ಸಭೆ ಕರೆದರೆ ತಾಯಂದಿರು ಬರುತ್ತಾರೆ. ತಂದೆಯರ ಕುರ್ಚಿ ಖಾಲಿ.

ಶಾಲೆ ಮತ್ತೆ ತೆರೆದ ದಿನ ಆ ಹುಡುಗ ತಲೆ ಎತ್ತಲಿಲ್ಲ. ನಾನೂ ಏನೂ ಕೇಳಲಿಲ್ಲ. ಪಾಠ ಮುಗಿದ ಮೇಲೆ ಹತ್ತಿರ ಬಂದು, "ಟೀಚರ್, ಅಬ್ಬಾ ಅಂದದ್ದಕ್ಕೆ ಸಿಟ್ಟಾಗಬೇಡಿ" ಎಂದು ಕನ್ನಡದಲ್ಲೇ ಹೇಳಿದ. ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ಅವನ ತಂದೆ ಈ ಸಭೆಯಲ್ಲಿದ್ದರೆ ದಯವಿಟ್ಟು ಒಮ್ಮೆ ಶಾಲೆಗೆ ಬನ್ನಿ. ಅವನ ಕನ್ನಡ ನೋಟ್‌ಬುಕ್ ನಿಮಗೆ ತೋರಿಸಬೇಕಿದೆ.