ಹಗುರ ಲ್ಯಾಪ್‌ಟಾಪು ನಮ್ಮ ಮನೆಗೆ ಒಪ್ಪುವುದೇ?

ಗ್ರಾಮಫೋನಿಗೂ ರೇಡಿಯೋಗೂ ಇರುವ ಭೇದ ನಿಮಗೆ ತಿಳಿದದ್ದೇ. ಗ್ರಾಮಫೋನಿನ ಹಾಡು ಮನೆಯ ತಟ್ಟೆಯಲ್ಲಿಯೇ ಇರುತ್ತದೆ. ರೇಡಿಯೋದ ಹಾಡು ನಿಲಯದಿಂದ ಬರಬೇಕು. ಕ್ರೋಮ್‌ಬುಕ್ ಎಂಬ ಹಗುರ ಲ್ಯಾಪ್‌ಟಾಪು ಹೆಚ್ಚಾಗಿ ಈ ಎರಡನೆಯ ಜಾತಿಗೆ ಸೇರಿದ್ದು. ೨೦೧೧ರಲ್ಲಿ ಮಾರಾಟಕ್ಕೆ ಬಂದ ಈ ಯಂತ್ರದಲ್ಲಿ ವಿಂಡೋಸ್ ಇಲ್ಲ. ಗೂಗಲ್ ಸಂಸ್ಥೆಯ ಕ್ರೋಮ್ ಓಎಸ್ ಇದೆ. ಕೆಲಸದ ಬಹುಭಾಗ ಅಂತರಜಾಲದ ಮೂಲಕವೇ ನಡೆಯುತ್ತದೆ. ಸಾಮಾನ್ಯವಾಗಿ ಬೆಲೆ ಕಡಿಮೆ, ತೂಕವೂ ಕಡಿಮೆ. ತೆರೆದ ಕೆಲವು ಕ್ಷಣಗಳಲ್ಲಿಯೇ ಸಿದ್ಧವಾಗುತ್ತದೆ.

ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವವರ ಒಂದು ಮನೆಯನ್ನು ಊಹಿಸಿಕೊಳ್ಳಿ. ಉಳಿಸಿದ ಹಣ ಒಂದೇ ಯಂತ್ರಕ್ಕೆ ಸಾಲುವಷ್ಟು. ಹೈಸ್ಕೂಲಿನ ಮಗಳು ಪಾಠದ ವಿಡಿಯೋ ನೋಡಬೇಕು, ಪ್ರಬಂಧ ಬರೆಯಬೇಕು. ಯಜಮಾನರಿಗೆ ಬ್ಯಾಂಕಿನ ವ್ಯವಹಾರ, ‘ಭೂಮಿ’ಯಲ್ಲಿ ಪಹಣಿ, ‘ಸೇವಾ ಸಿಂಧು’ವಿನಲ್ಲಿ ಅರ್ಜಿ. ಇಷ್ಟಕ್ಕೇ ಆದರೆ ಈ ಯಂತ್ರ ಧಾರಾಳವಾಗಿ ಸಾಕು. ಆದರೆ ಮಗ ಪಾಲಿಟೆಕ್ನಿಕ್ಕಿನಲ್ಲಿ ಪೂರ್ಣ ಆಟೋಕ್ಯಾಡ್ ಕಲಿಯುತ್ತಿದ್ದರೆ, ಅಥವಾ ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ, ವಿಂಡೋಸ್ ಯಂತ್ರವನ್ನೇ ನೋಡಬೇಕು. ವಿಂಡೋಸಿಗಾಗಿ ಮಾಡಿದ ತಂತ್ರಾಂಶ ಇದರಲ್ಲಿ ನೇರವಾಗಿ ಕೂರುವುದಿಲ್ಲ.

ಕನ್ನಡದ ಮಾತೇನು ಎಂದು ನೀವು ಕೇಳಬಹುದು. ಯುನಿಕೋಡ್ ಕನ್ನಡವನ್ನು ಇದರಲ್ಲಿ ಸುಲಭವಾಗಿ ಬೆರಳಚ್ಚಿಸಬಹುದು. ಕೀಲಿಮಣೆಯ ಏರ್ಪಾಡು ಯಂತ್ರದಲ್ಲಿಯೇ ಇದೆ. ಆದರೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ವಿಂಡೋಸಿಗಾಗಿ ಮಾಡಿದ್ದು. ಯುನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡೀತು. ಅಂಥ ಕಡತಗಳು ಬಹಳವಿದ್ದರೆ ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಲೇಸು.

ಅಂತರಜಾಲ ಕಡಿದಾಗ ಯಂತ್ರ ಪೂರಾ ಸ್ತಬ್ಧವಾಗುವುದಿಲ್ಲ. ಮುಂಚಿತವಾಗಿ ಏರ್ಪಡಿಸಿದ್ದರೆ ಬರೆಯುವ ಕೆಲಸ ನಡೆದೀತು. ಇಳಿಸಿಟ್ಟ ವಿಡಿಯೋ ನೋಡಬಹುದು. ಆದರೂ ಮನೆಯಲ್ಲಿ ಸಂಪರ್ಕ ದಿನದಿನವೂ ಕೈಕೊಡುವುದಾದರೆ ಇದನ್ನು ನೆಚ್ಚಬೇಡಿ.

ಕೊಳ್ಳುವ ಮುನ್ನ ಒಂದು ಸುಲಭ ಪರೀಕ್ಷೆ ಮಾಡಿ. ಮನೆಯಲ್ಲೋ ನೆಂಟರಲ್ಲೋ ಇರುವ ಕಂಪ್ಯೂಟರಿನಲ್ಲಿ ಒಂದು ವಾರ ನಿಮ್ಮ ಕೆಲಸವನ್ನೆಲ್ಲ ಕ್ರೋಮ್ ಬ್ರೌಸರಿನೊಳಗೇ ಮಾಡಿ ನೋಡಿ. ನಡೆಯದೆ ಉಳಿದುದನ್ನು ಚೀಟಿಯಲ್ಲಿ ಬರೆದಿಡಿ. ನಿಮ್ಮ ಪ್ರಿಂಟರು, ಡಿಜಿಟಲ್ ಸಹಿಯ ಕಡ್ಡಿ ಇದಕ್ಕೆ ಹೊಂದುತ್ತವೆಯೇ ಎಂದೂ ವಿಚಾರಿಸಿ.

ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ೨೦೨೧ರಿಂದ ಈಚಿನ ಮಾದರಿಗಳಿಗೆ ಹತ್ತು ವರ್ಷ ಸುರಕ್ಷತೆಯ ಪರಿಷ್ಕರಣೆ ತಾನಾಗಿಯೇ ದೊರೆಯುತ್ತದೆ. ಆದರೆ ಆ ಲೆಕ್ಕ ಮಾದರಿ ಹೊರಬಂದ ಕಾಲದಿಂದ, ನೀವು ಕೊಂಡ ದಿನದಿಂದಲ್ಲ. ಕೊನೆಯ ತಾರೀಖು ಯಂತ್ರದ ಸೆಟ್ಟಿಂಗ್ಸಿನಲ್ಲಿಯೇ ಇರುತ್ತದೆ. ಅಂಗಡಿಯಲ್ಲೇ ತೆರೆಸಿ ನೋಡಿ.

ಚೀಟಿ ಖಾಲಿಯಿದ್ದರೆ ಸಂತೋಷವಾಗಿ ಕೊಳ್ಳಿ. ಅನ್ನಕ್ಕೋ ಓದಿಗೋ ಬೇಕಾದ ಒಂದೇ ಒಂದು ಕೆಲಸ ಅದರಲ್ಲಿದ್ದರೂ ಇನ್ನೆರಡು ತಿಂಗಳು ಹಣ ಕೂಡಿಸಿ, ತಕ್ಕ ಯಂತ್ರವನ್ನೇ ತನ್ನಿ.