ಕುಸಿದ ಅಂಗಳ: ಒಡೆಯುವ ಮುನ್ನ ನೀರಿನ ಜಾಡು ನೋಡಿ



ಪರಿಸರವೆಂದರೆ ಕಾಡು, ಕೆರೆ, ಬೆಟ್ಟಗಳ ವಿಚಾರವೆಂದೇ ಭಾವಿಸುವುದು ವಾಡಿಕೆ. ಮನೆಯ ಸುತ್ತ ಹಾಸಿದ ಕಾಂಕ್ರೀಟಿನ ಹಾಸೂ ಆ ವಿಚಾರಕ್ಕೆ ಸೇರಿದ್ದೇ. ಬೆಂಗಳೂರು–ಹೈದರಾಬಾದ್ ಹೆದ್ದಾರಿಯಿಂದ ಗುಡಿಬಂಡೆಗೆ ದಾರಿ ಒಡೆಯುವ ಪೆರೇಸಂದ್ರದ ಸೀಮೆಯಲ್ಲಿ, ಬಯಲುಸೀಮೆಯ ಇತರೆಡೆಗಳಂತೆಯೇ, ಚಪ್ಪಡಿ ಕಲ್ಲಿದ್ದ ಅಂಗಳಗಳಿಗೆ ಕಾಂಕ್ರೀಟು ಬಂದಿದೆ. ಕೆಲವು ಮಳೆಗಾಲ ಕಳೆಯುವುದರೊಳಗೆ ಅದರ ಒಂದು ಅಂಚು ತಗ್ಗುತ್ತದೆ. ವೃದ್ಧರು ಎಡವುತ್ತಾರೆ. ಹೊರಕ್ಕೆ ಹರಿಯಬೇಕಾದ ನೀರು ಗೋಡೆಯ ಕಡೆಗೆ ತಿರುಗಿ ಅಡಿಪಾಯಕ್ಕೆ ಇಳಿಯುತ್ತದೆ. ಆಗ ಮನೆಯವರಿಗೆ ಮೊದಲು ಹೊಳೆಯುವ ಉಪಾಯ, ಒಡೆದು ಹೊಸದಾಗಿ ಹಾಕಿಸುವುದು. ಆ ನಿರ್ಧಾರಕ್ಕೆ ಮುನ್ನ ವಿಚಾರ ಮಾಡಬೇಕಾದ ಸಂಗತಿಗಳಿವೆ.

ಕುಸಿಯುವುದು ಕಾಂಕ್ರೀಟಲ್ಲ, ಅದರ ಕೆಳಗಿನ ಮಣ್ಣು. ಅಡಿಪಾಯ ತೋಡಿದಾಗ, ಸಂಪು ಕಟ್ಟಿದಾಗ, ಕೊಳವೆಬಾವಿಯ ಪೈಪು ಹೂತಾಗ ಅಗೆದ ಕೆಮ್ಮಣ್ಣನ್ನು ಮರಳಿ ಗುಂಡಿಗೆ ತುಂಬಲಾಗುತ್ತದೆ. ಒಣಗಿರುವಾಗ ಆ ಮಣ್ಣು ಗಟ್ಟಿಯೆಂಬಂತೆ ತೋರುತ್ತದೆ. ನೀರು ಹೊಕ್ಕೊಡನೆ ಕಣಗಳ ಹಿಡಿತ ಸಡಿಲಿ ಮಣ್ಣು ಅಡಗುತ್ತದೆ. ಸೂರಿನಿಂದ ಒಂದೇ ಕಡೆ ಸುರಿಯುವ ಮಳೆನೀರು, ಸೋರುವ ನಲ್ಲಿ, ಬಚ್ಚಲಿನ ಒಡೆದ ಕೊಳವೆ ಇವೆಲ್ಲ ಮಣ್ಣನ್ನು ಸದ್ದಿಲ್ಲದೆ ಕೊಚ್ಚಿ ಒಯ್ಯುತ್ತವೆ. ಹೆಗ್ಗಣದ ಬಿಲ, ಮುಚ್ಚಿ ಮರೆತ ಹಳೆಯ ಬಾವಿ ಕೂಡ ಕಾರಣವಾಗಬಹುದು.

2021ರ ನವೆಂಬರಿನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಭಾರೀ ಮಳೆಯನ್ನು ಕಂಡಿತು. ಅದೇ ವರ್ಷ ಡಿಸೆಂಬರ್ 22ರಂದು ಜಿಲ್ಲೆಯಲ್ಲಿ 2.9 ಮತ್ತು 3.0 ತೀವ್ರತೆಯ ಎರಡು ಲಘು ಭೂಕಂಪನಗಳು ದಾಖಲಾದವು. ಅಂಗಳ ಕುಸಿದಾಗ ಭೂಕಂಪನವನ್ನು ದೂರುವುದು ಸುಲಭ. ಆದರೆ ಅಷ್ಟು ಸಣ್ಣ ಕಂಪನಕ್ಕಿಂತ, ಸಡಿಲ ಮಣ್ಣಿಗೆ ಇಳಿದ ಮಳೆಯ ನೀರೇ ಇಂತಹ ಕುಸಿತಕ್ಕೆ ಹೆಚ್ಚು ಸಂಭವನೀಯ ಕಾರಣ. ಆದ್ದರಿಂದ ಮೊದಲ ಕೆಲಸ ಎತ್ತುವುದಲ್ಲ. ನೀರು ಎಲ್ಲಿಂದ ಬಂದು ಎಲ್ಲಿ ಇಂಗುತ್ತಿದೆ ಎಂಬುದನ್ನು ಮಳೆ ಬರುವಾಗ ನಿಂತು ನೋಡುವುದು. ಕಬ್ಬಿಣದ ಸಲಾಕೆಯಿಂದ ಹಾಸನ್ನು ಅಲ್ಲಲ್ಲಿ ತಟ್ಟಿದರೆ, ಕೆಳಗೆ ಪೊಳ್ಳಾದ ಕಡೆ ಸದ್ದೇ ಬೇರೆಯಾಗಿ ಕೇಳುತ್ತದೆ. ಸೋರಿಕೆಯನ್ನು ನಿಲ್ಲಿಸದೆ ಎತ್ತಿದ ಹಾಸು ಮತ್ತೆ ಕೂರುತ್ತದೆ.

ಹಿಂದಿನವರ ಚಪ್ಪಡಿ ಹಾಸಿನಲ್ಲಿ ಒಂದು ವಿವೇಕವಿತ್ತು. ಕಲ್ಲುಗಳು ಬಿಡಿಬಿಡಿಯಾಗಿದ್ದವು. ಒಂದು ಕಲ್ಲು ತಗ್ಗಿದರೆ ಹಾರೆ ಹಾಕಿ ಮೀಟಿ, ಕೆಳಗೆ ಮಣ್ಣು ತುಂಬಿ, ದಿಮ್ಮಸು ಹೊಡೆದು, ಅದೇ ಕಲ್ಲನ್ನು ಮತ್ತೆ ಕೂರಿಸುತ್ತಿದ್ದರು. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಮೂರು ಅಂಗುಲ ದಪ್ಪದ ಚಪ್ಪಡಿಯ ತೂಕ ಸುಮಾರು 110 ಕಿಲೋ. ನಾಲ್ಕು ಜನ ಕೈಗೂಡಿಸಿದರೆ ಕೆಲಸ ಮುಗಿಯುತ್ತಿತ್ತು. ಕಾಂಕ್ರೀಟಿನ ಬಿಡಿ ಬಿಲ್ಲೆಗಳಿಗೂ ಇದೇ ಕ್ರಮ ಸಲ್ಲುತ್ತದೆ. ಹಳೆಯ ಸಡಿಲ ಮಣ್ಣನ್ನು ತೆಗೆದು, ಹೊಸ ಮಣ್ಣು ಅಥವಾ ಕಲ್ಲುಪುಡಿಯನ್ನು ಅರ್ಧ ಅಡಿಗಿಂತ ದಪ್ಪವಾಗದ ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರವನ್ನೂ ಬಡಿದು ಗಟ್ಟಿಮಾಡಬೇಕು. ಕೊನೆಯಲ್ಲಿ ರಸಮಟ್ಟ ಇಟ್ಟು ನೋಡಬೇಕು. ಪೂರ್ತಿ ಸಮತಟ್ಟು ಮಾಡುವುದು ತಪ್ಪು. ಗೋಡೆಯಿಂದ ಹೊರಕ್ಕೆ ಪ್ರತಿ ಮೀಟರಿಗೆ 2 ಸೆಂಟಿಮೀಟರು ಇಳಿಜಾರು ಇರಬೇಕು.

ಒಂದೇ ಹರಹಾಗಿ ಎರಕ ಹೊಯ್ದ ಹಾಸಿನ ಲೆಕ್ಕ ಬೇರೆ. ಮೂರು ಮೀಟರು ಚೌಕದ, ನಾಲ್ಕು ಅಂಗುಲ ದಪ್ಪದ ಹಾಸು ಎರಡು ಟನ್ನಿಗೂ ಮೀರಿ ತೂಗುತ್ತದೆ. ಹಾರೆಗೆ ಅದು ಬಗ್ಗದು. ಇದಕ್ಕೆ ಇತರ ದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ವಿಧಾನವೊಂದಿದೆ. ಹಾಸಿನಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ಮಣ್ಣು, ನೀರು ಮತ್ತು ಸ್ವಲ್ಪ ಸಿಮೆಂಟಿನ ಬಗ್ಗಡವನ್ನು ಪಂಪಿನ ಒತ್ತಡದಿಂದ ಒಳಕ್ಕೆ ನೂಕುತ್ತಾರೆ. ಬಗ್ಗಡವು ಮೊದಲು ಪೊಳ್ಳನ್ನು ತುಂಬಿ, ಅನಂತರ ಹಾಸನ್ನು ನಿಧಾನವಾಗಿ ಮೇಲೆತ್ತುತ್ತದೆ. ಬಗ್ಗಡದ ಬದಲು ಉಬ್ಬುವ ಪಾಲಿಯುರೆಥೇನ್ ನೊರೆಯನ್ನು ತುಂಬುವವರೂ ಇದ್ದಾರೆ. ಅದು ಹಗುರ, ಕೆಲಸವೂ ಬೇಗ. ಆದರೆ ಪೆಟ್ರೋಲಿಯಂ ಮೂಲದ ಆ ಪದಾರ್ಥ ಮಣ್ಣಿನಲ್ಲಿ ಕರಗದೆ ಉಳಿಯುತ್ತದೆ. ಯಾವ ವಿಧಾನಕ್ಕೂ ಅನುಭವಿ ಕೈ ಬೇಕು. ಒತ್ತಡ ಮಿತಿಮೀರಿದರೆ ಹಾಸು ಸೀಳುತ್ತದೆ. ಸಂಪಿನ ಅಥವಾ ಶೌಚಗುಂಡಿಯ ಮುಚ್ಚಳದ ಕೆಳಗೆ ಪಂಪು ಮಾಡುವ ಸಾಹಸ ಎಂದಿಗೂ ಸಲ್ಲದು. ಹಲವು ತುಂಡುಗಳಾಗಿ ಸೀಳಿದ ಹಾಸನ್ನು ಎತ್ತಿ ಫಲವಿಲ್ಲ. ಅದನ್ನು ಒಡೆದು, ಆ ಚೂರುಗಳನ್ನೇ ಹೊಸ ಹಾಸಿನ ತಳಕ್ಕೆ ಬಳಸುವುದು ಲೇಸು.

ಲೆಕ್ಕವನ್ನು ವಿದ್ಯಾರ್ಥಿಗಳೇ ಹಾಕಿ ನೋಡಬಹುದು. ಮೇಲೆ ಹೇಳಿದ ಅಳತೆಯ ಹಾಸನ್ನು 1:2:4 ಪ್ರಮಾಣದಲ್ಲಿ ಹೊಸದಾಗಿ ಹಾಕಲು ಸುಮಾರು 6 ಮೂಟೆ ಸಿಮೆಂಟು ಬೇಕು. ಅದರ ಕೆಳಗಿನ ಪೊಳ್ಳು ಸರಾಸರಿ 3 ಸೆಂಟಿಮೀಟರು ಇದ್ದು, ಬಗ್ಗಡದ ಹತ್ತರಲ್ಲಿ ಒಂದು ಪಾಲು ಸಿಮೆಂಟಾದರೆ ಒಂದು ಮೂಟೆಯೇ ಸಾಕು. ಸುಣ್ಣದ ಕಲ್ಲನ್ನು ಸುಟ್ಟು ಸಿಮೆಂಟು ಮಾಡುವಾಗ ಉರುವಲಿನಿಂದಷ್ಟೇ ಅಲ್ಲದೆ ಆ ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಜಗತ್ತಿನಲ್ಲಿ ಮನುಷ್ಯ ಹೊರಸೂಸುವ ಈ ಅನಿಲದ ಸುಮಾರು ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದು. ಜಲ್ಲಿ ಮತ್ತು ಎಂ-ಸ್ಯಾಂಡಿಗಾಗಿ ಕರಗುವ ಬೆಟ್ಟಗಳ ಲೆಕ್ಕ ಇದಕ್ಕೆ ಹೊರತಾದದ್ದು.

ಬೆಟ್ಟದ ಇಳಿಜಾರಿನಲ್ಲಿ ವಾಸಿಸುವವರು ಇನ್ನೊಂದು ವ್ಯತ್ಯಾಸವನ್ನು ಅರಿತಿರಬೇಕು. ಅಂಗಳ ಮಾತ್ರ ತಗ್ಗಿದರೆ ದುರಸ್ತಿ ಸಾಧ್ಯ. ಗೋಡೆ ಬಿರಿದು, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡು, ಇಳಿಜಾರಿನ ಮೇಲ್ಭಾಗದ ನೆಲದಲ್ಲಿ ಉದ್ದನೆಯ ಬಿರುಕು ಕಂಡರೆ ಸರಿಯುತ್ತಿರುವುದು ನೆಲವೇ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದವು; 2023ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠದಲ್ಲಿ ನೂರಾರು ಮನೆಗಳು ಬಿರುಕುಬಿಟ್ಟವು. ಅಂತಹ ಸೂಚನೆ ಕಂಡಲ್ಲಿ ಮೇಸ್ತ್ರಿಯನ್ನು ಕರೆಯುವುದಕ್ಕೆ ಮೊದಲು ಮನೆ ತೆರವು ಮಾಡಿ, ತಹಸೀಲ್ದಾರರಿಗೆ ಸುದ್ದಿ ಮುಟ್ಟಿಸಬೇಕು.

ಉಳಿದ ಮನೆಗಳವರು ಮುಂದಿನ ಮಳೆಗೆ ಮುನ್ನ ಮಾಡಬಹುದಾದ ಕೆಲಸಗಳು ದುಬಾರಿಯಲ್ಲ. ಸೂರಿನ ನೀರಿಗೆ ದೋಣಿ ಕಟ್ಟಿ ಗೋಡೆಯಿಂದ ಹತ್ತು ಅಡಿ ಆಚೆಗೆ ಒಯ್ಯಿರಿ. ಅಲ್ಲಿ ಇಂಗುಗುಂಡಿ ತೋಡಿರಿ. ಸೀಳುಗಳನ್ನು ಮುಚ್ಚಿರಿ. ಹೊಸದಾಗಿ ಹಾಸುವವರು ಬಿಡಿ ಚಪ್ಪಡಿಗಳನ್ನೇ ಆರಿಸಿ, ಆದಷ್ಟು ನೆಲವನ್ನು ಬರಿಯ ಮಣ್ಣಾಗಿ ಉಳಿಸಿರಿ. ಶಾಶ್ವತ ನದಿಯಿಲ್ಲದ ಈ ಜಿಲ್ಲೆಯಲ್ಲಿ ಅಂಗಳದ ನೀರು ಅಡಿಪಾಯವನ್ನು ಸೇರದೆ ಅಂತರ್ಜಲವನ್ನು ಸೇರುವುದು ಮನೆಗೂ ಊರಿಗೂ ಕ್ಷೇಮ.